ಬೀಡಿ ಸೇದದಿದ್ರೆ ಹೊಟ್ಟೆ ಖಾಲಿಯಾಗಲ್ಲ, ಬಿಡೋದು ಹೇಗೆ?

ಪ್ರಶ್ನೆ: ಮುಳಬಾಗಿಲಿನ ಹತ್ತಿರ ನಮ್ಮೂರು, ಟೊಮೆಟೊ ಬೆಳೆಯುತ್ತೇನೆ. ದಿನಕ್ಕೆ ಹತ್ತು ಬೀಡಿ, ಅದಕ್ಕಿಂತ ಜಾಸ್ತಿ ಇಲ್ಲ. ಬಿಡಬೇಕು ಅಂತಿದೆ. ಆದರೆ ಎದ್ದ ತಕ್ಷಣ ಒಂದು ಎಳೆಯದಿದ್ದರೆ ಹೊಟ್ಟೆ ಖಾಲಿಯಾಗುವುದಿಲ್ಲ. ಏನು ಮಾಡಲಿ?

ಉತ್ತರ: ನಾಚಿಕೆ ಬೇಡ, ಇದನ್ನು ಕೇಳುವವರು ಬಹಳ ಜನ. ಡೇರಿಗೆ ಹಾಲು ಹಾಕುವ ಮುಂಚೆ ಒಂದು, ಮಾರ್ಕೆಟ್ಟಿನ ಗಾಡಿ ಹತ್ತುವ ಮುಂಚೆ ಒಂದು ಅನ್ನುವವರೆಲ್ಲರ ಮಾತೂ ಇದೇ.

ನಿಮ್ಮ ಅನುಭವ ಸುಳ್ಳಲ್ಲ. ಬೀಡಿಯ ತಂಬಾಕಿನಲ್ಲಿರುವ ನಿಕೋಟಿನ್ ಮಿದುಳಿನ ಮೇಲಷ್ಟೇ ಅಲ್ಲ, ಕರುಳಿನ ನರಗಳ ಮೇಲೂ ಕೆಲಸ ಮಾಡುತ್ತದೆ. ಆದರೆ ಪೂರ್ತಿ ಹೆಸರು ಬೀಡಿಗೆ ಕೊಡಬೇಡಿ. ನಿದ್ದೆಯಿಂದ ಎದ್ದಾಗ ದೊಡ್ಡ ಕರುಳು ತಾನಾಗೇ ಚುರುಕಾಗುತ್ತದೆ. ಬಿಸಿ ಟೀ ಒಳಗೆ ಹೋದರೆ ಇನ್ನಷ್ಟು. ಬೀಡಿ ಅದೇ ಹೊತ್ತಿಗೆ ಬಂದು ಕೂತಿದೆ, ಅಷ್ಟೇ.

ನನ್ನ ಗಮನ ಹೋಗಿದ್ದು ಹೊಟ್ಟೆಯ ಕಡೆಗಲ್ಲ, ‘ಎದ್ದ ತಕ್ಷಣ’ ಅನ್ನುವ ಮಾತಿನ ಕಡೆಗೆ. ಚಟ ಎಷ್ಟು ಬಿಗಿಯಾಗಿದೆ ಎಂದು ಅಳೆಯಲು ಸ್ವೀಡನ್ನಿನ ಕಾರ್ಲ್ ಫಾಗರ್‌ಸ್ಟ್ರೋಮ್ 1978ರಲ್ಲಿ ಒಂದು ಪ್ರಶ್ನೆಪಟ್ಟಿ ಮಾಡಿದರು. 1991ರಲ್ಲಿ ತಿದ್ದಿದ ಅದರ ರೂಪವನ್ನು ವೈದ್ಯರು ಇವತ್ತಿಗೂ ಬಳಸುತ್ತಾರೆ. ಅದರಲ್ಲಿ ದಿನಕ್ಕೆ 10 ಸೇದಿದರೆ ಸೊನ್ನೆ ಅಂಕ. ಎದ್ದ 5 ನಿಮಿಷದೊಳಗೆ ಹಚ್ಚಿದರೆ 3 ಅಂಕ! ಅಂದರೆ ನೀವು ‘ಜಾಸ್ತಿ ಇಲ್ಲ’ ಅಂದುಕೊಂಡ ಲೆಕ್ಕಕ್ಕಿಂತ ಬೆಳಗಿನ ಆ ಒಂದು ಬೀಡಿಯೇ ಜಾಸ್ತಿ ಹೇಳುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿಯೆಲ್ಲ ಇಳಿದು ಇಳಿದು, ಬೆಳಗಾಗುವ ಹೊತ್ತಿಗೆ ಮೈ ಕೇಳಲು ಶುರು ಮಾಡಿರುತ್ತದೆ.

ಬಿಟ್ಟ ಮೇಲೆ ಮಲಬದ್ಧತೆ ಆಗುವುದೂ ನಿಜ. ಬ್ರಿಟನ್ನಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಿಗರೇಟು ಬಿಟ್ಟ ಸುಮಾರು ಆರು ಜನರಲ್ಲಿ ಒಬ್ಬರಿಗೆ ಹಾಗಾಗಿತ್ತು. ಅದು ಮೈ ಹೊಂದಿಕೊಳ್ಳುವ ತನಕದ ಕಾಟ. ಅಲ್ಲಿಯವರೆಗೆ ಎದ್ದ ಕೂಡಲೇ ಎರಡು ಲೋಟ ಬಿಸಿನೀರು ಕುಡಿಯಿರಿ. ಅವಸರವಿಲ್ಲದೆ, ದಿನಾ ಒಂದೇ ಹೊತ್ತಿಗೆ ಕೂತುಕೊಳ್ಳಿ. ರಾತ್ರಿ ಮುದ್ದೆ ಜೊತೆ ಬಸ್ಸಾರು, ಬಸಿದ ಸೊಪ್ಪಿನ ಪಲ್ಯ ಇರಲಿ; ಅದು ಹೇಗೂ ನಮ್ಮ ಕಡೆ ಊಟವೇ ಅಲ್ವಾ? ಮಲದಲ್ಲಿ ರಕ್ತ ಕಂಡರೆ ಮಾತ್ರ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಬೀಡಿಯ ಆಸೆ ತಡೆಯಲಾಗದಿದ್ದರೆ 2 ಮಿಲಿಗ್ರಾಂ ನಿಕೋಟಿನ್ ಗಮ್ ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆಯೇ ಸಿಗುತ್ತದೆ. ಎಲೆಅಡಿಕೆ ಥರ ಜಗಿದರೆ ಬಿಕ್ಕಳಿಕೆ, ಹೊಟ್ಟೆ ಉರಿ ಖಂಡಿತ. ಚುರುಗುಟ್ಟುವ ತನಕ ನಿಧಾನವಾಗಿ ಜಗಿದು, ಕೆನ್ನೆ ಸಂದಿಯಲ್ಲಿ ಇಟ್ಟುಕೊಳ್ಳಿ. ಚುರುಕು ಹೋದ ಮೇಲೆ ಮತ್ತೆ ಜಗಿಯಿರಿ. ಬಾಯಲ್ಲಿ ಗಮ್ ಇರುವಾಗ ಟೀ, ಕಾಫಿ ಬೇಡ. ಬಿಡುವ ದಿನ ಗೊತ್ತು ಮಾಡುವ ಮುಂಚೆ 1800-11-2356ಕ್ಕೆ ಒಂದು ಫೋನ್ ಮಾಡಿ. ತಂಬಾಕು ಬಿಡುವವರಿಗಾಗಿ ಕೇಂದ್ರ ಸರ್ಕಾರ ನಡೆಸುವ ಉಚಿತ ಸಹಾಯವಾಣಿ ಅದು. ಕನ್ನಡದಲ್ಲಿ ಮಾತಾಡಬಹುದು. ಮನೆಮಾತು ತೆಲುಗಾದರೆ ತೆಲುಗಿನಲ್ಲೂ.