ನಲವತ್ತು ಹುದ್ದೆಗೆ ಹಣ ಕೊಟ್ಟರೆ ಹೊಸ ಉದ್ಯೋಗ ಎಷ್ಟು?

ಆರ್ಥಿಕ ಹಿಂಜರಿತದ ಕಾಲದಲ್ಲಿ ಸಾರ್ವಜನಿಕ ಹಣದಿಂದ ಉದ್ಯೋಗ ಒದಗಿಸುವ ಯೋಜನೆಗಳಲ್ಲಿ ಎರಡು ಬಗೆಗಳಿವೆ. ಸರ್ಕಾರವೇ ನೇಮಿಸಿಕೊಂಡು ಸಂಬಳ ಕೊಡುವುದು ಒಂದು. ಬೇರೆಯವರು ನೇಮಿಸಿಕೊಂಡವರ ಸಂಬಳವನ್ನು ಸರ್ಕಾರ ಪೂರ್ತಿಯಾಗಿಯೋ ಭಾಗಶಃವೋ ಭರಿಸುವುದು ಇನ್ನೊಂದು. ಅಮೆರಿಕದಲ್ಲಿ 1935ರಿಂದ 1943ರವರೆಗೆ ನಡೆದ ಡಬ್ಲ್ಯುಪಿಎ (ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಉದ್ಯೋಗ ಯೋಜನೆ) ಮೊದಲನೆಯ ಬಗೆಯದು. ಸುಮಾರು 85 ಲಕ್ಷ ಜನ ಅದರಲ್ಲಿ ದುಡಿದರು. ಅಲ್ಲಿಯೇ 2009ರ ಚೇತರಿಕೆ ಕಾಯ್ದೆಯ ತುರ್ತು ನಿಧಿಯನ್ನು ಬಳಸಿ ರಾಜ್ಯಗಳು 2010ರ ಸೆಪ್ಟೆಂಬರ್ ಅಂತ್ಯದೊಳಗೆ ಸುಮಾರು 2.6 ಲಕ್ಷ ಜನರಿಗೆ ಸಂಬಳದ ಸಹಾಯಧನದ ಮೂಲಕ ಕೆಲಸ ಕೊಡಿಸಿದವು.

ಈ ಯೋಜನೆಗಳ ಬಗ್ಗೆ ನನ್ನ ಓದು ಇಲ್ಲಿಯವರೆಗೆ ಸುಲಭವಾಗಿಯೇ ಸಾಗಿತು. ನಾನು ಮೂರು ದಿನ ತಡವರಿಸಿದ್ದು "ಬದಲಿಕೆ" ಎಂಬ ಪರಿಕಲ್ಪನೆಯಲ್ಲಿ. ಆದ್ದರಿಂದ ಅದನ್ನು ನಿಧಾನವಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಒಂದು ನಗರಾಡಳಿತ ತನ್ನ ಸ್ವಂತ ಹಣದಿಂದ ಉದ್ಯಾನಗಳ ಕೆಲಸಕ್ಕೆ 60 ಜನರನ್ನು ಇಟ್ಟುಕೊಂಡಿದೆ ಎಂದುಕೊಳ್ಳೋಣ. ಕೇಂದ್ರ ಸರ್ಕಾರ ಅದಕ್ಕೆ 40 ಹುದ್ದೆಗಳ ಅನುದಾನ ಕೊಡುತ್ತದೆ. ವರ್ಷದ ಕೊನೆಗೆ ಹಾಜರಿ ಪುಸ್ತಕದಲ್ಲಿ 100 ಹೆಸರುಗಳಿರಬೇಕು, ಆದರೆ ಇರುವುದು 75. ಅಂದರೆ ಸ್ವಂತ ಹಣದ ಹುದ್ದೆಗಳು 60ರಿಂದ 35ಕ್ಕೆ ಇಳಿದಿವೆ. ನಗರಾಡಳಿತ ತಾನು ಸಂಬಳ ಕೊಡುತ್ತಿದ್ದ 25 ಜನರನ್ನು ಅನುದಾನದ ಲೆಕ್ಕಕ್ಕೆ ಸೇರಿಸಿ, ಉಳಿತಾಯವಾದ ಹಣವನ್ನು ಬೇರೆಡೆಗೆ ತಿರುಗಿಸಿದೆ. ಮೊದಲಿದ್ದ 60ನ್ನು 75ರಿಂದ ಕಳೆದರೆ ನಿವ್ವಳ ಹೊಸ ಉದ್ಯೋಗ ಬರೀ 15. ಇದೇ ಬದಲಿಕೆ.

ಇಷ್ಟಕ್ಕೇ ನಿಲ್ಲಿಸಿದ್ದು ನನ್ನ ತಪ್ಪು. ಹಿಂಜರಿತದಲ್ಲಿ ತೆರಿಗೆ ವಸೂಲಿ ಕುಸಿಯುತ್ತದೆ. ಅನುದಾನ ಬಾರದೇ ಇದ್ದಿದ್ದರೂ ನಗರಾಡಳಿತ ಹಣವಿಲ್ಲದೆ ಆ 25 ಜನರನ್ನು ಕೆಲಸದಿಂದ ತೆಗೆಯಲೇಬೇಕಾಗಿತ್ತು ಎನ್ನುವುದಾದರೆ, ಹೋಲಿಸಬೇಕಾದದ್ದು ಕಳೆದ ವರ್ಷದ 60ರೊಂದಿಗಲ್ಲ, ಅನುದಾನವಿಲ್ಲದ ಈ ವರ್ಷದ 35ರೊಂದಿಗೆ. ಆಗ 75ರಲ್ಲಿ 35 ಕಳೆದು ನಿವ್ವಳ 40 ಸಿಗುತ್ತದೆ. ಹಾಜರಿ ಪುಸ್ತಕ ಒಂದೇ, ಅದರಲ್ಲಿರುವ ಹೆಸರುಗಳೂ ಅವೇ, ಆದರೆ ಉತ್ತರ ಒಮ್ಮೆ 15, ಇನ್ನೊಮ್ಮೆ 40. "ಮೊದಲು ಎಷ್ಟಿತ್ತು" ಎಂದು ಕೇಳದೆ "ಇಲ್ಲದಿದ್ದರೆ ಎಷ್ಟಿರುತ್ತಿತ್ತು" ಎಂದು ಕೇಳಬೇಕು. ಆದ್ದರಿಂದಲೇ ಸ್ಥಳೀಯ ಸರ್ಕಾರಗಳ ಬೊಕ್ಕಸ ಬರಿದಾಗಿರುವಾಗ ಬರುವ ಅನುದಾನ, ಬೊಕ್ಕಸ ತುಂಬಿರುವಾಗ ಬರುವ ಅನುದಾನಕ್ಕಿಂತ ಹೆಚ್ಚು ಉದ್ಯೋಗವನ್ನು ಉಳಿಸುತ್ತದೆ.

ಈ ಗೊಂದಲ ಬಗೆಹರಿದ ಮೇಲೆಯೇ ಸಮಾನತೆಯ ಷರತ್ತುಗಳು, ಅಂದರೆ ಕೆಲಸ ಯಾರಿಗೆ ಸಿಗಬೇಕು ಎಂಬ ನಿಯಮಗಳು, ನನಗೆ ಅರ್ಥವಾದದ್ದು. ಅಮೆರಿಕದ 1973ರ ಸೀಟಾ (ಸಮಗ್ರ ಉದ್ಯೋಗ ಮತ್ತು ತರಬೇತಿ) ಕಾಯ್ದೆಯಡಿ ಸಾರ್ವಜನಿಕ ಸೇವೆಯ ಹುದ್ದೆಗಳು 1978ರಲ್ಲಿ 7 ಲಕ್ಷ ದಾಟಿದ್ದವು, ಬದಲಿಕೆಯ ದೂರು ಕೂಡ ಜೋರಾಗಿತ್ತು. 1976 ಮತ್ತು 1978ರ ತಿದ್ದುಪಡಿಗಳು ಹೊಸ ನೇಮಕಾತಿಯನ್ನು ಹೆಚ್ಚಾಗಿ ಕಡಿಮೆ ಆದಾಯದ, ಬಹುಕಾಲ ಕೆಲಸವಿಲ್ಲದವರತ್ತ ತಿರುಗಿಸಿದವು. ಇದನ್ನು ಬಡವರ ಮೇಲಿನ ಕನಿಕರ ಎಂದಷ್ಟೇ ನಾನು ಓದಿಕೊಂಡಿದ್ದೆ. ಉದ್ಯಾನದ ಉದಾಹರಣೆಗೆ ಅದನ್ನು ಅನ್ವಯಿಸಿದರೆ ಇನ್ನೊಂದು ಪರಿಣಾಮವೂ ಕಾಣುತ್ತದೆ: ಹತ್ತು ವರ್ಷದಿಂದ ಸಂಬಳ ಪಡೆಯುತ್ತಿರುವ ಮಾಲಿ ಅರ್ಹನೇ ಅಲ್ಲದ್ದರಿಂದ ಅವನನ್ನು ಅನುದಾನದ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ, ನಗರಾಡಳಿತ ತಾನಾಗಿ ಎಂದೂ ಕರೆಯದಿದ್ದವರನ್ನೇ ಕರೆಯಬೇಕಾಗುತ್ತದೆ. ಯಾರಿಗೆ ಕೆಲಸ ಅತ್ಯಂತ ದೂರವಿದೆಯೋ ಅವರಿಗೆ ಕೊಟ್ಟಾಗಲೇ ನಿವ್ವಳ ಸಂಖ್ಯೆಯೂ ಹೆಚ್ಚುತ್ತದೆ. ಆದರೆ ಈ ಬಿಗಿಯಿಂದ ಸ್ಥಳೀಯ ಆಡಳಿತಗಳ ಉತ್ಸಾಹ ಕುಗ್ಗಿತು. 1981ರಲ್ಲಿ ಆ ಹುದ್ದೆಗಳಿಗೆ ಹಣ ನಿಂತಾಗ ಯೋಜನೆಯ ಪರ ನಿಲ್ಲುವವರು ಕಡಿಮೆಯಿದ್ದರು.

ಷರತ್ತಿನ ಒಂದು ಪದವೂ ಜನರನ್ನು ಹೊರಗಿಡಬಲ್ಲದು. ಡಬ್ಲ್ಯುಪಿಎಯಲ್ಲಿ ಸಾಮಾನ್ಯವಾಗಿ ಒಂದು ಕುಟುಂಬಕ್ಕೆ ಒಂದೇ ಕೆಲಸವಿತ್ತು. ನಿಯಮದಲ್ಲಿ "ಮಹಿಳೆ" ಎಂಬ ಮಾತೇ ಬರಬೇಕಿರಲಿಲ್ಲ. ದುಡಿಯಲು ಶಕ್ತನಾದ ಗಂಡನಿದ್ದ ಮನೆಯಲ್ಲಿ ಆ ಒಂದು ಹೆಸರು ಅವನದೇ ಆಗುತ್ತಿತ್ತು; ಹೆಂಡತಿ ಎಷ್ಟೇ ಕಾಲದಿಂದ ಕೆಲಸ ಹುಡುಕುತ್ತಿದ್ದರೂ ಪಟ್ಟಿಯಲ್ಲಿ ಅವಳಿಗೆ ಜಾಗವಿರಲಿಲ್ಲ.