ಹೊಸ ವೆಬ್‌ಸೈಟಾ? ಡಿಸೈನ್ ಆಮೇಲೆ, ಮೊದ್ಲು ಡೊಮೇನ್ ಯಾರ ಅಕೌಂಟಲ್ಲಿದೆ ನೋಡಿ

ವೆಬ್‌ಸೈಟ್ ಮಾಡಿಸ್ಬೇಕು ಅಂತ ಬರೋರು ಮೊದಲು ಕೇಳೋದು ಹೆಚ್ಚುಕಮ್ಮಿ ಯಾವಾಗ್ಲೂ ಒಂದೇ ಥರ, ಯಾವ ಟೆಂಪ್ಲೇಟ್ ಹಾಕೋಣ, ಬಣ್ಣ ಯಾವ್ದಿರ್ಲಿ, ಮೇಲ್ಗಡೆ ಫೋಟೋ ಓಡ್ತಾ ಇರ್ಬೇಕಾ ಬೇಡ್ವಾ. ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದು ನಂಗೆ ಗಟ್ಟಿಯಾಗಿ ಅನ್ಸಿರೋದು ಏನಂದ್ರೆ ಆ ಪ್ರಶ್ನೆಗಳಿಗೆ ಉತ್ತರ ಹೇಗಿದ್ರೂ ನಡೆಯತ್ತೆ. ಡಿಸೈನ್ ಈ ವರ್ಷ ಒಂದು, ಮುಂದಿನ ವರ್ಷ ಇನ್ನೊಂದು, ಯಾವಾಗ ಬೇಕಾದ್ರೂ ಬದಲಾಯಿಸ್ಬಹುದು. ಆದ್ರೆ ಕೆಲವು ವಿಷಯ ಇದಾವೆ, ಅವು ಶುರುನಲ್ಲೇ ತಪ್ಪಾಗಿ ಕೂತ್ಬಿಟ್ರೆ ಆಮೇಲೆ ಸರಿ ಮಾಡೋದು ಬಹಳ ಕಷ್ಟ, ಕೆಲವು ಸಲ ಆಗೋದೇ ಇಲ್ಲ. ಡೊಮೇನ್, ಅಂದ್ರೆ ಜನ ಬ್ರೌಸರಲ್ಲಿ ಟೈಪ್ ಮಾಡೋ ನಿಮ್ಮ ಸೈಟಿನ ಹೆಸರು, ಏನು, ಅದು ಯಾರ ಅಕೌಂಟಲ್ಲಿದೆ, ಒಂದೊಂದು ಪುಟದ ಅಡ್ರೆಸ್ ಹೇಗಿದೆ, ನೀವು ಬರೆದಿದ್ದನ್ನ ನಾಳೆ ಬೇರೆ ಕಡೆ ತಗೊಂಡು ಹೋಗೋಕಾಗತ್ತಾ. ಶುರು ಮಾಡೋರು ಟೈಮ್ ಕೊಡ್ಬೇಕಾಗಿರೋದು ಇದಕ್ಕೆ.

ಡೊಮೇನ್‌ನಿಂದ್ಲೇ ಶುರು ಮಾಡ್ತೀನಿ, ಜನ ಅತಿ ಹೆಚ್ಚು ಒದ್ದಾಡೋದನ್ನ ನಾನು ನೋಡಿರೋದು ಇಲ್ಲೇ. ಸೈಟ್ ಮಾಡಿಕೊಟ್ಟೋರೇ ಡೊಮೇನನ್ನೂ ತಮ್ಮ ಅಕೌಂಟಲ್ಲಿ ತಗೊಂಡಿರ್ತಾರೆ, ಕೆಟ್ಟ ಉದ್ದೇಶ ಏನೂ ಇರಲ್ಲ, ಆ ಹೊತ್ತಿಗೆ ಸುಲಭ ಅಂತ ಮಾಡಿರ್ತಾರೆ, ಎರಡು ಮೂರು ವರ್ಷ ಎಲ್ಲಾ ಸರಿಯಾಗೇ ಇರತ್ತೆ, ಆಮೇಲೆ ಅವ್ರು ಕೆಲಸ ಬಿಟ್ಟಿರ್ತಾರೆ ಅಥವಾ ನಂಬರ್ ಬದಲಾಗಿರತ್ತೆ, ಇತ್ತ ಡೊಮೇನ್ ಅವಧಿ ಮುಗೀತಾ ಬಂದಿರತ್ತೆ, ರಿನ್ಯೂವಲ್ ಮೇಲ್ ಹೋಗ್ತಾ ಇರೋದು ಅವರ ಹಳೇ ಇಮೇಲ್‌ಗೆ. ಸೈಟಿನ ಮಾಲೀಕರು ನೀವೇ ಇರ್ಬಹುದು, ಬರೆದಿದ್ದೆಲ್ಲಾ ನಿಮ್ದೇ ಇರ್ಬಹುದು, ಆದ್ರೆ ಡೊಮೇನ್ ನೋಂದಾಯಿಸಿ ಕೊಡೋ ಕಂಪನಿ, ಅಂದ್ರೆ ರಿಜಿಸ್ಟ್ರಾರ್ ಲೆಕ್ಕದಲ್ಲಿ ಯಾರ ಹೆಸರಿದೆಯೋ ಡೊಮೇನ್ ಅವರದ್ದು. ಅದಕ್ಕೇ ಹೇಳೋದು, ಸೈಟನ್ನ ಯಾರ ಕೈಲಿ ಬೇಕಾದ್ರೂ ಮಾಡ್ಸಿ, ಡೊಮೇನ್ ಮಾತ್ರ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲಲ್ಲಿ, ನೀವೇ ಕೂತು ತಗೊಳ್ಳಿ. ಹತ್ತು ಹದಿನೈದು ನಿಮಿಷದ ಕೆಲಸ ಅದು.

ಡೊಮೇನನ್ನ ಯಾರೂ ಶಾಶ್ವತವಾಗಿ ತಗೊಳ್ಳೋಕಾಗಲ್ಲ, ವರ್ಷದ ಲೆಕ್ಕದಲ್ಲಿ ನೋಂದಾಯಿಸ್ಕೊಳ್ಳೋದು, ಡಾಟ್ ಕಾಮ್ ಆದ್ರೆ ಒಂದ್ಸಲಕ್ಕೆ ಹೆಚ್ಚಂದ್ರೆ 10 ವರ್ಷ. ತಗೊಂಡ ತಕ್ಷಣ ನಿಮ್ಮ ಇಮೇಲ್ ಸರಿ ಇದ್ಯಾ ಅಂತ ಕೇಳೋ ಒಂದು ಮೇಲ್ ಬರತ್ತೆ, ತುಂಬಾ ಜನ ಇದನ್ನ ಯಾವ್ದೋ ಜಾಹೀರಾತು ಅಂದ್ಕೊಂಡು ಡಿಲೀಟ್ ಮಾಡ್ತಾರೆ. ಡೊಮೇನ್ ವ್ಯವಸ್ಥೆ ನೋಡ್ಕೊಳ್ಳೋ ಐಕ್ಯಾನ್ ಸಂಸ್ಥೆಯ ನಿಯಮದ ಪ್ರಕಾರ 15 ದಿನದೊಳಗೆ ಅದನ್ನ ಖಚಿತಪಡಿಸ್ದೆ ಇದ್ರೆ ರಿಜಿಸ್ಟ್ರಾರ್ ಡೊಮೇನನ್ನ ಸಸ್ಪೆಂಡ್ ಮಾಡ್ಬಹುದು. ಸೈಟ್ ಹಾಕಿ ಎರಡು ವಾರಕ್ಕೆ ಇದ್ದಕ್ಕಿದ್ದಂಗೆ ಮಾಯ ಆಯ್ತು ಅಂದ್ರೆ ನಾನು ಮೊದಲು ಕೇಳೋದು ಆ ಮೇಲ್ ಬಗ್ಗೆ. ಇನ್ನೊಂದು ವಿಷಯ, ಇದನ್ನ ಯಾರೂ ಹೇಳ್ಕೊಡಲ್ಲ: ಡೊಮೇನ್ ಅಕೌಂಟಿಗೆ ಕೊಡೋ ಇಮೇಲ್ ಅದೇ ಡೊಮೇನ್ ಮೇಲಿನ ಇಮೇಲ್ ಆಗಿರ್ಬಾರ್ದು. ಡೊಮೇನ್ ನಿಂತ್ರೆ ಆ ಇಮೇಲೂ ನಿಲ್ಲತ್ತೆ, ಆಗ ಪಾಸ್‌ವರ್ಡ್ ರೀಸೆಟ್ ಮಾಡೋ ಲಿಂಕ್ ಕೂಡ ನಿಮ್ಮ ಕೈಗೆ ಸಿಗಲ್ಲ. ಜಿಮೇಲ್ ಥರದ ಬೇರೆ ಅಡ್ರೆಸ್ ಕೊಡಿ, ಎರಡು ಹಂತದ ಲಾಗಿನ್ ಹಾಕಿ, ಆಟೋ ರಿನ್ಯೂವಲ್ ಆನ್ ಮಾಡಿ, ಅದಕ್ಕೆ ಕೊಟ್ಟ ಕಾರ್ಡಿನ ಅವಧಿ ಯಾವಾಗ ಮುಗಿಯತ್ತೆ ಅಂತ ಕ್ಯಾಲೆಂಡರಲ್ಲಿ ಬರ್ಕೊಳ್ಳಿ.

ಅವಧಿ ಮುಗಿದೇ ಹೋಯ್ತು ಅಂತ ಇಟ್ಕೊಳ್ಳಿ, ಗಾಬರಿ ಆಗ್ಬೇಡಿ ಆದ್ರೆ ಸುಮ್ನೆ ಕೂರ್ಬೇಡಿ. ಡಾಟ್ ಕಾಮ್ ಥರದ ಡೊಮೇನ್‌ಗಳಲ್ಲಿ ರಿಜಿಸ್ಟ್ರಾರ್ ಹೆಚ್ಚಂದ್ರೆ 45 ದಿನದವರೆಗೆ ಸಾಮಾನ್ಯ ದರಕ್ಕೇ ರಿನ್ಯೂ ಮಾಡ್ಕೊಳ್ಳೋಕೆ ಬಿಡ್ಬಹುದು, ಎಷ್ಟು ದಿನ ಅನ್ನೋದು ಅವರವರ ಮೇಲೆ ಹೋಗತ್ತೆ, ಅದಾದ್ಮೇಲೆ 30 ದಿನ ರಿಡೆಂಪ್ಶನ್ ಅವಧಿ, ಅದ್ರಲ್ಲಿ ವಾಪಸ್ ತಗೊಳ್ಳೋಕೆ ದಂಡದ ಥರ ಜಾಸ್ತಿ ಹಣ ಕೇಳ್ತಾರೆ, ಆಮೇಲೆ 5 ದಿನ ಯಾರೂ ಮುಟ್ಟೋಕಾಗಲ್ಲ, ಅದು ಮುಗಿದ್ರೆ ಡೊಮೇನ್ ಜಗತ್ತಿಗೆಲ್ಲಾ ಬಿಡುಗಡೆ. ಬಿಡುಗಡೆ ಆಗೋ ಡೊಮೇನ್‌ಗಳನ್ನ ಹಿಡಿಯೋಕೆ ಅಂತಲೇ ಕಾದು ಕೂತಿರೋ ಪ್ರೋಗ್ರಾಂಗಳಿವೆ, ಅಲ್ಲಿ ನಿಮ್ಮ ಸರದಿ ಬರೋದು ಕನಸೇ.

ಹೆಸರು ಆರಿಸೋ ಬಗ್ಗೆ ಜಾಸ್ತಿ ಹೇಳಲ್ಲ. ಫೋನಲ್ಲಿ ಒಬ್ರಿಗೆ ಒಂದೇ ಸಲ ಹೇಳಿ, ಅವ್ರು ಸ್ಪೆಲಿಂಗ್ ಕೇಳ್ದೆ ಟೈಪ್ ಮಾಡಿದ್ರೆ ಹೆಸರು ಚೆನ್ನಾಗಿದೆ ಅಂತ. ನಡುವೆ ಹೈಫನ್, ಅಂಕಿ ಇದ್ರೆ ಪ್ರತಿ ಸಲ ವಿವರಿಸ್ಬೇಕಾಗತ್ತೆ. ಈಗ ಮಾಡ್ತಿರೋ ಒಂದೇ ಕೆಲಸಕ್ಕೆ ಕಟ್ಟಿಹಾಕೋ ಹೆಸರೂ ಬೇಡ, ನಾಳೆ ಕೆಲಸ ಬೆಳೆಯತ್ತೆ.

ಈಗ ಹೋಸ್ಟಿಂಗ್, ಅಂದ್ರೆ ಸೈಟಿನ ಫೈಲ್‌ಗಳನ್ನ ಇಡೋಕೆ ಸರ್ವರಲ್ಲಿ ಜಾಗ ತಗೊಳ್ಳೋದು. ಡೊಮೇನ್ ತಗೊಂಡ್ರೆ ಸೈಟ್ ಬಂದಂಗೆ ಅಂತ ನಂಬಿರೋರು ತುಂಬಾ ಜನ, ಹಾಗಲ್ಲ, ಡೊಮೇನ್ ಬರೀ ಹೆಸರು, ನಿಮ್ಮ ಫೈಲ್‌ಗಳು ಇರೋದು ಬೇರೆ ಯಾವ್ದೋ ಸರ್ವರಲ್ಲಿ, ಆ ಹೆಸರು ಕೇಳಿದೋರಿಗೆ ಸರ್ವರಿನ ನಂಬರ್ ಹೇಳೋದು ಡಿಎನ್‌ಎಸ್. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಆ ವ್ಯವಸ್ಥೆ ಇವತ್ತಿಗೂ ನಡೀತಾ ಇದೆ. ಅದ್ರೊಳಗೆ ನೀವು ಮುಟ್ಟೋದು ಬಹಳ ಕಮ್ಮಿ ಸಾಲುಗಳು: ಎ ರೆಕಾರ್ಡ್ ಡೊಮೇನನ್ನ ಸರ್ವರಿನ ಐಪಿ ನಂಬರ್‌ಗೆ ತೋರಿಸತ್ತೆ, ಸಿನೇಮ್ ಒಂದು ಹೆಸರನ್ನ ಇನ್ನೊಂದು ಹೆಸರಿಗೆ ತೋರಿಸತ್ತೆ, ಎಂಎಕ್ಸ್ ನಿಮ್ಮ ಇಮೇಲ್ ಎಲ್ಲಿಗೆ ಹೋಗ್ಬೇಕು ಅಂತ ಹೇಳತ್ತೆ. ಹೋಸ್ಟಿಂಗ್ ಬದಲಾಯಿಸುವಾಗ ನೇಮ್‌ಸರ್ವರನ್ನೇ (ಈ ರೆಕಾರ್ಡ್‌ಗಳನ್ನ ಇಟ್ಕೊಂಡಿರೋ ಸರ್ವರ್) ಬದಲಾಯಿಸಿ ಅಂತ ಹೊಸ ಕಂಪನಿಯೋರು ಹೇಳ್ತಾರೆ, ಅದನ್ನ ಮಾಡೋಕೆ ಮುಂಚೆ ಹಳೇ ಕಡೆ ಇರೋ ಎಲ್ಲಾ ರೆಕಾರ್ಡ್‌ಗಳ ಸ್ಕ್ರೀನ್‌ಶಾಟ್ ತೆಗೆದು ಹೊಸ ಕಡೆ ಹಾಗೇ ಹಾಕಿ. ಇಲ್ಲಾಂದ್ರೆ ಸೈಟೇನೋ ಚೆನ್ನಾಗಿ ಓಪನ್ ಆಗತ್ತೆ, ಎಂಎಕ್ಸ್ ಇಲ್ದೆ ಇಮೇಲ್ ನಿಂತಿರತ್ತೆ, ಅದು ಗೊತ್ತಾಗೋದು ಯಾರೋ ಫೋನ್ ಮಾಡಿ ಮೇಲ್ ಹಾಕಿದ್ನಲ್ಲ ಅಂದಾಗ.

ಡಿಎನ್‌ಎಸ್ ಬದಲಾವಣೆ ಎಲ್ಲಾ ಕಡೆ ಹರಡೋಕೆ ಟೈಮ್ ಬೇಕು ಅಂತಾರಲ್ಲ, ಅಲ್ಲಿ ಏನೂ ಹರಡ್ತಾ ಇರಲ್ಲ, ಹಳೇ ಉತ್ತರವನ್ನ ನೆನಪಿಟ್ಕೊಂಡಿರೋ ಸರ್ವರ್‌ಗಳು ಅದನ್ನ ಮರೆಯೋವರೆಗೂ ನಾವು ಕಾಯ್ತಾ ಇರ್ತೀವಿ. ಎಷ್ಟು ಹೊತ್ತು ನೆನಪಿಡ್ಬೇಕು ಅಂತ ಪ್ರತಿ ರೆಕಾರ್ಡಿನ ಪಕ್ಕದಲ್ಲೇ ಟಿಟಿಎಲ್ ಅನ್ನೋ ಜಾಗದಲ್ಲಿ ಸೆಕೆಂಡ್ ಲೆಕ್ಕದಲ್ಲಿ ಬರ್ದಿರತ್ತೆ, 3600 ಅಂದ್ರೆ ಒಂದು ಗಂಟೆ, 86400 ಅಂದ್ರೆ ಒಂದು ದಿನ. ಸೈಟ್ ಬೇರೆ ಕಡೆ ಸಾಗಿಸೋ ಒಂದೆರಡು ದಿನ ಮುಂಚೆ ಅದನ್ನ 300ಕ್ಕೆ ಇಳಿಸಿಟ್ರೆ ಬದಲಾವಣೆ ದಿನ ನಿಮ್ಗೆ ನೆಮ್ಮದಿ.

ಯಾವುದ್ರಲ್ಲಿ ಸೈಟ್ ಕಟ್ಟೋದು ಅನ್ನೋದಕ್ಕೆ ನನ್ನ ಉತ್ತರ ಸೈಟನ್ನ ಯಾರು, ಎಷ್ಟು ಸಲ ಬದಲಾಯಿಸ್ತಾರೆ ಅನ್ನೋದ್ರ ಮೇಲಿದೆ. ಐದಾರು ಪುಟ, ವರ್ಷಕ್ಕೆ ಎರಡು ಮೂರು ಸಲ ತಿದ್ದುಪಡಿ, ಇಷ್ಟೇ ಆದ್ರೆ ಡೇಟಾಬೇಸ್ (ಬರಹವನ್ನೆಲ್ಲಾ ಇಟ್ಕೊಳ್ಳೋ ಜಾಗ) ಇರೋ ದೊಡ್ಡ ವ್ಯವಸ್ಥೆ ಬೇಡವೇ ಬೇಡ, ಬರೀ ಎಚ್‌ಟಿಎಂಎಲ್ ಫೈಲ್‌ಗಳ ಸ್ಟ್ಯಾಟಿಕ್ ಸೈಟ್ ಸಾಕು, ಗಿಟ್‌ಹಬ್ ಪೇಜಸ್, ನೆಟ್ಲಿಫೈ, ಕ್ಲೌಡ್‌ಫ್ಲೇರ್ ಪೇಜಸ್ ಇಂಥವುಗಳಲ್ಲಿ ಸಣ್ಣ ಸೈಟನ್ನ ಹಣ ಕೊಡ್ದೆ ಇಡ್ಬಹುದು, ಅಪ್‌ಡೇಟ್ ಮಾಡ್ಬೇಕಾದ ಪ್ಲಗಿನ್ (ಹೆಚ್ಚಿನ ಸೌಲಭ್ಯಕ್ಕೆ ಸೇರಿಸೋ ಸಣ್ಣ ಪ್ರೋಗ್ರಾಂ) ಇರಲ್ಲ, ಹ್ಯಾಕ್ ಮಾಡೋಕೆ ಲಾಗಿನ್ ಪುಟವೂ ಇರಲ್ಲ. ವಾರ ವಾರ ಬರೆಯೋರು, ನಾಲ್ಕು ಜನ ಸೇರಿ ನಡೆಸೋರು ಆದ್ರೆ ಲಾಗಿನ್ ಆಗಿ ಬ್ರೌಸರಲ್ಲೇ ಬರೆದು ಪಬ್ಲಿಷ್ ಮಾಡೋ ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರ್ ಒಳ್ಳೇದು, 2003ರಿಂದ ಇದೆ, ಜಗತ್ತಿನ ಸೈಟ್‌ಗಳಲ್ಲಿ ಶೇಕಡಾ 40ಕ್ಕಿಂತ ಜಾಸ್ತಿ ಅದ್ರಲ್ಲೇ ಇವೆ, ಏನು ತೊಂದ್ರೆ ಬಂದ್ರೂ ಯಾರೋ ಒಬ್ರು ಅದಕ್ಕೆ ಪರಿಹಾರ ಬರ್ದಿರ್ತಾರೆ. ಆದ್ರೆ ಅದನ್ನ ಹಾಕಿ ಮರೆತುಬಿಡೋಕಾಗಲ್ಲ, ಅಪ್‌ಡೇಟ್ ಮಾಡ್ತಾನೇ ಇರ್ಬೇಕು, ಪ್ಲಗಿನ್ ಎಷ್ಟು ಕಮ್ಮಿ ಇದ್ರೆ ಅಷ್ಟು ಕ್ಷೇಮ. ಇನ್ನು ಎಳೆದು ಬಿಟ್ಟು ಪುಟ ಮಾಡೋ ಬಿಲ್ಡರ್‌ಗಳು, ವಿಕ್ಸ್, ಸ್ಕ್ವೇರ್‌ಸ್ಪೇಸ್ ಥರದ್ದು, ಕೋಡ್ ಮುಟ್ಟೋಕೇ ಇಷ್ಟ ಇಲ್ದೋರಿಗೆ ಅವು ಸರಿ, ಆದ್ರೆ ಹಣ ಕಟ್ಟೋಕೆ ಮುಂಚೆ ನಾಳೆ ಇಲ್ಲಿಂದ ಹೊರಡ್ಬೇಕಾದ್ರೆ ಏನೇನು ಕೈಗೆ ಸಿಗತ್ತೆ ಅಂತ ಓದಿ ನೋಡಿ. ಬರಹ ಸಿಕ್ರೂ ಪುಟಗಳ ರೂಪ ಸಾಮಾನ್ಯವಾಗಿ ಅಲ್ಲೇ ಉಳಿಯತ್ತೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಸೈಟಿನ ಬರಹವನ್ನೆಲ್ಲಾ ಮೊದಲು ಒಂದು ಸಾದಾ ಡಾಕ್ಯುಮೆಂಟಲ್ಲಿ ಬರೀರಿ, ಫೋಟೋಗಳನ್ನ ಒಂದು ಫೋಲ್ಡರಲ್ಲಿ ಇಡಿ, ಆಮೇಲೆ ಸೈಟಿಗೆ ಹಾಕಿ.

ಹೀಗೆ ಮೊದಲು ಬರೆಯೋದ್ರಿಂದ ಇನ್ನೊಂದು ಲಾಭ ಇದೆ, ಅದೇ ದೊಡ್ಡದು. ಟೆಂಪ್ಲೇಟ್ ಮುಂದಿಟ್ಕೊಂಡು ಕೂತ್ರೆ ಅದ್ರಲ್ಲಿರೋ ಖಾಲಿ ಡಬ್ಬಗಳನ್ನ ತುಂಬೋ ಕೆಲಸ ಶುರುವಾಗತ್ತೆ, ನಮ್ಮ ದೃಷ್ಟಿ, ನಮ್ಮ ಧ್ಯೇಯ ಅಂತೆಲ್ಲಾ ಯಾರೂ ಓದದೇ ಇರೋದು ಬರುತ್ತೆ, ಬಂದೋರಿಗೆ ಬೇಕಾಗಿರೋ ಮಾತು ಎಲ್ಲೋ ಕೆಳಗೆ ಹೋಗಿರತ್ತೆ. ಬರೀ ಕಾಗದ ಮುಂದಿಟ್ಕೊಂಡ್ರೆ ಪ್ರಶ್ನೆ ಬೇರೆ ಆಗತ್ತೆ: ಇಲ್ಲಿಗೆ ಬರೋರು ಯಾರು, ಏನು ಹುಡುಕ್ಕೊಂಡು ಬಂದಿರ್ತಾರೆ, ಅದು ಸಿಕ್ಕಿದ್ಮೇಲೆ ಅವರು ಏನು ಮಾಡ್ಬೇಕು. ಈ ಮೂರಕ್ಕೆ ಉತ್ತರ ಬರೆದ್ರೆ ಮೊದಲ ಪುಟ ಹೆಚ್ಚುಕಮ್ಮಿ ರೆಡಿ. 1991ರಲ್ಲಿ ಟಿಮ್ ಬರ್ನರ್ಸ್ ಲೀ ಸರ್ನ್ ಪ್ರಯೋಗಾಲಯದಲ್ಲಿ ಜಗತ್ತಿಗೆ ತೆರೆದ ಮೊದಲ ವೆಬ್‌ಸೈಟಲ್ಲಿ ಇದ್ದಿದ್ದು ಅಕ್ಷರ ಮತ್ತೆ ಲಿಂಕ್ ಅಷ್ಟೇ, ಅದರ ಪುಟಗಳನ್ನ ಇವತ್ತಿನ ಬ್ರೌಸರಲ್ಲೂ ಆರಾಮಾಗಿ ಓದ್ಬಹುದು. ನಿಮ್ಮ ಮೊದಲ ಪುಟವೂ ಅಷ್ಟೇ ಸರಳವಾಗಿದ್ರೆ ಏನೂ ಕಮ್ಮಿ ಆಗಲ್ಲ.

ಆ ಒಂದೇ ಪುಟವನ್ನ ಮೊದಲು ಪಬ್ಲಿಷ್ ಮಾಡಿ. ಹತ್ತು ಪುಟ ಮುಗೀಲಿ ಅಂತ ಕಾದ್ರೆ ತಿಂಗಳುಗಟ್ಲೆ ಹಾಗೇ ಹೋಗತ್ತೆ, ಆರು ತಿಂಗಳಿಂದ ಶೀಘ್ರದಲ್ಲೇ ಬರಲಿದೆ ಅಂತ ತೋರಿಸ್ತಾ ಇರೋ ಖಾಲಿ ಪುಟಗಳನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗತ್ತೆ. ಒಂದು ಪುಟ ಮೇಲೆ ಹೋದ್ರೆ ಡೊಮೇನ್, ಡಿಎನ್‌ಎಸ್, ಸರ್ಟಿಫಿಕೇಟ್ (ಎಚ್‌ಟಿಟಿಪಿಎಸ್‌ಗೆ ಬೇಕಾದದ್ದು, ಮುಂದೆ ಹೇಳ್ತೀನಿ) ಎಲ್ಲಾ ಸರಿ ಇದೆ ಅಂತ ಖಾತ್ರಿ ಆಗತ್ತೆ, ಮಿಕ್ಕಿದ ಪುಟ ಸೇರಿಸೋದು ಬರೀ ಬರೆಯೋ ಕೆಲಸ.

ಕೈಯಾರೆ ಮಾಡೋರಿಗೆ ಕೆಲವು ಸಣ್ಣ ವಿಷಯ, ದಿನಗಟ್ಲೆ ಕಾಡೋದು ಇವೇ. ಮೊದಲ ಪುಟದ ಫೈಲ್ ಹೆಸರು ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಂತಲೇ ಇರ್ಲಿ, ಸಣ್ಣಕ್ಷರದಲ್ಲಿ. ನಿಮ್ಮ ವಿಂಡೋಸ್ ಕಂಪ್ಯೂಟರಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ, ಹೆಚ್ಚಿನ ಸರ್ವರ್‌ಗಳು ಲಿನಕ್ಸ್, ಅಲ್ಲಿ ಎರಡೂ ಬೇರೆ ಬೇರೆ ಫೈಲ್, ಮನೇಲಿ ಕಾಣ್ತಿದ್ದ ಫೋಟೋ ಸೈಟಲ್ಲಿ ಕಾಣ್ತಿಲ್ಲ ಅಂದ್ರೆ ಹತ್ತರಲ್ಲಿ ಎಂಟು ಸಲ ಕಾರಣ ಇದೇ ಇರತ್ತೆ. ಪುಟದ ತಲೆಯಲ್ಲಿ, ಅಂದ್ರೆ ಎಚ್‌ಟಿಎಂಎಲ್‌ನ ಹೆಡ್ ಭಾಗದಲ್ಲಿ, ಅಕ್ಷರಗಳನ್ನ ಹೇಗೆ ಓದ್ಬೇಕು ಅಂತ ಬ್ರೌಸರ್‌ಗೆ ಹೇಳೋ ಯುಟಿಎಫ್-8 ಅಂತ ಹಾಕದೇ ಇದ್ರೆ ಇಂಗ್ಲಿಷ್ ಅಲ್ಲದ ಅಕ್ಷರಗಳೆಲ್ಲಾ ಚಿತ್ರವಿಚಿತ್ರವಾಗಿ ಕಾಣ್ಬಹುದು, ಪುಟವನ್ನ ಪರದೆ ಅಗಲಕ್ಕೆ ಹೊಂದಿಸೋ ವ್ಯೂಪೋರ್ಟ್ ಟ್ಯಾಗ್ ಬಿಟ್ಟೋದ್ರೆ ಮೊಬೈಲಲ್ಲಿ ಇಡೀ ಪುಟ ಇರುವೆ ಸಾಲಿನ ಥರ ಕಾಣತ್ತೆ. ಫೋನಲ್ಲಿ ತೆಗೆದ ಫೋಟೋ ನಾಲ್ಕೈದು ಎಂಬಿ ಇರತ್ತೆ, ಅದನ್ನ ಹಾಗೇ ಹಾಕ್ಬೇಡಿ, ಅಗಲ 1600 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಇಲ್ಲಾ ಜೆಪೆಗ್ ಮಾಡಿದ್ರೆ 300 ಕೆಬಿ ಒಳಗೇ ಬರತ್ತೆ, ನೋಡೋಕೆ ವ್ಯತ್ಯಾಸ ಗೊತ್ತಾಗಲ್ಲ. ಫೋಟೋದಲ್ಲಿ ಏನಿದೆ ಅಂತ ಆಲ್ಟ್ ಜಾಗದಲ್ಲಿ ಒಂದು ಸಾಲು ಬರೀರಿ, ಕಣ್ಣು ಕಾಣದೋರ ಸ್ಕ್ರೀನ್ ರೀಡರ್ ಅದನ್ನೇ ಓದಿ ಹೇಳೋದು, ಇದನ್ನ ಬಿಟ್ರೆ ಅವರಿಗೆ ನಿಮ್ಮ ಫೋಟೋ ಇಲ್ಲವೇ ಇಲ್ಲ.

ಎಚ್‌ಟಿಟಿಪಿಎಸ್, ಅಂದ್ರೆ ಸೈಟಿಗೂ ನೋಡೋರ ಬ್ರೌಸರ್‌ಗೂ ನಡುವೆ ಹೋಗಿಬರೋದನ್ನ ಗುಪ್ತವಾಗಿಡೋ ವ್ಯವಸ್ಥೆ, ಈಗ ಆಯ್ಕೆಯ ಮಾತಲ್ಲ. 2018ರ ಜುಲೈನಲ್ಲಿ ಬಂದ ಕ್ರೋಮ್ 68ರಿಂದ ಅದಿಲ್ಲದ ಸೈಟನ್ನ ಸುರಕ್ಷಿತ ಅಲ್ಲ ಅಂತ ಬ್ರೌಸರೇ ತೋರಿಸ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ 2015ರಿಂದ ಅದಕ್ಕೆ ಬೇಕಾದ ಸರ್ಟಿಫಿಕೇಟನ್ನ ಉಚಿತವಾಗಿ ಕೊಡ್ತಿದೆ, ಹೆಚ್ಚಿನ ಹೋಸ್ಟಿಂಗಲ್ಲಿ ಅದು ಒಂದು ಬಟನ್ ಅಷ್ಟೇ. ಅವರ ಸರ್ಟಿಫಿಕೇಟ್ 90 ದಿನಕ್ಕಿಂತ ಜಾಸ್ತಿ ಬಾಳಲ್ಲ, ತಾನಾಗೇ ನವೀಕರಣ ಆಗೋ ಹಾಗೆ ಇದ್ಯಾ ಅಂತ ಮಾತ್ರ ನೋಡ್ಕೊಳ್ಳಿ.

ಪುಟದ ಅಡ್ರೆಸ್ ಬಗ್ಗೆ ಒಂದು ಮಾತು. ಯಾರೋ ನಿಮ್ಮ ಪುಟದ ಲಿಂಕನ್ನ ಇನ್ನೊಬ್ರಿಗೆ ಕಳ್ಸಿರ್ತಾರೆ, ಸರ್ಚಲ್ಲಿ ಅದು ಕೂತಿರತ್ತೆ, ಅಡ್ರೆಸ್ ಬದಲಾದ ದಿನ ಅವೆಲ್ಲಾ 404ಕ್ಕೆ (ಪುಟ ಸಿಗಲಿಲ್ಲ ಅನ್ನೋ ಸಂದೇಶ) ಹೋಗಿ ನಿಲ್ತವೆ. ಅದಕ್ಕೇ ಅಡ್ರೆಸ್ ಚಿಕ್ಕದಾಗಿ, ಅರ್ಥ ಆಗೋ ಹಾಗೆ, ವರ್ಷ ಗಿರ್ಷ ಹಾಕದೇ ಇಡಿ. ಬದಲಾಯಿಸ್ಲೇಬೇಕಾಗಿ ಬಂದ್ರೆ ಹಳೇದ್ರಿಂದ ಹೊಸದಕ್ಕೆ 301 ರೀಡೈರೆಕ್ಟ್ ಹಾಕಿ, ಆಗ ಬ್ರೌಸರ್‌ಗೂ ಸರ್ಚ್ ಎಂಜಿನ್‌ಗೂ ಪುಟ ಶಾಶ್ವತವಾಗಿ ಜಾಗ ಬದಲಾಯಿಸಿದೆ ಅಂತ ಗೊತ್ತಾಗತ್ತೆ.

ಸೈಟ್ ಮೇಲೆ ಹೋದ್ಮೇಲೆ ಗೂಗಲಲ್ಲಿ ಬರ್ತಿಲ್ಲ ಅನ್ನೋ ದೂರು ಬರತ್ತೆ. ಮೊದಲೆರಡು ವಾರ ಸಹಜ. ಅದಾದ್ಮೇಲೂ ಇಲ್ಲ ಅಂದ್ರೆ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸಲ್ಲಿ ರೀಡಿಂಗ್ ಅನ್ನೋ ಪುಟ ನೋಡಿ, ಸರ್ಚ್ ಎಂಜಿನ್‌ಗಳು ಈ ಸೈಟನ್ನ ಸೇರಿಸ್ಕೋಬೇಡಿ ಅನ್ನೋ ಟಿಕ್ ಒಂದಿರತ್ತೆ, ಕಟ್ಟುವಾಗ ಹಾಕಿದ್ದನ್ನ ತೆಗೆಯೋಕೆ ಮರೆತಿರ್ತಾರೆ. ಆಮೇಲೆ ಗೂಗಲ್ ಸರ್ಚ್ ಕನ್ಸೋಲಲ್ಲಿ ಡೊಮೇನ್ ನಿಮ್ದು ಅಂತ ತೋರಿಸಿ ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ ಇರೋ ಫೈಲ್) ಕೊಡಿ, ಉಚಿತ ಅದು. ಬೇಗ ಮೊದಲ ಸ್ಥಾನಕ್ಕೆ ತರ್ತೀವಿ ಅಂತ ಬರೋ ಮೇಲ್‌ಗಳಿಗೆ ದಯವಿಟ್ಟು ಹಣ ಕೊಡ್ಬೇಡಿ, ಅಂಥ ಗ್ಯಾರಂಟಿ ಯಾರ ಕೈಲೂ ಕೊಡೋಕಾಗಲ್ಲ.

ಸಂಪರ್ಕದ ಫಾರ್ಮ್ ಇಟ್ಟಿದ್ರೆ ಬೇರೆಯವರ ಫೋನಿಂದ, ಬೇರೆಯವರ ಇಮೇಲ್ ಹಾಕಿ ನೀವೇ ಒಂದು ಸಂದೇಶ ಕಳ್ಸಿ, ಅದು ಇನ್‌ಬಾಕ್ಸಿಗೆ ಬಂತಾ, ಸ್ಪ್ಯಾಮಿಗೆ ಹೋಯ್ತಾ ಅಂತ ನೋಡಿ, ತಿಂಗಳಿಗೊಂದ್ಸಲ ಮತ್ತೆ ಮಾಡಿ. ಬ್ಯಾಕಪ್ ಅದೇ ಹೋಸ್ಟಿಂಗ್ ಒಳಗೆ ಇದ್ರೆ ಸಾಲ್ದು, ಅಕೌಂಟ್ ಲಾಕ್ ಆದ ದಿನ ಅದೂ ಒಳಗೇ ಇರತ್ತೆ, ಒಂದು ಪ್ರತಿ ನಿಮ್ಮ ಕಂಪ್ಯೂಟರಿಗೆ ಇಳಿಸ್ಕೊಳ್ಳಿ. ಇಳಿಸ್ಕೊಂಡಿದ್ದನ್ನ ಒಂದ್ಸಲ ಬೇರೆ ಖಾಲಿ ಜಾಗದಲ್ಲಿ ಹಾಕಿ ಸೈಟ್ ಎದ್ದು ನಿಲ್ಲತ್ತಾ ಅಂತ ನೋಡಿ, ಫೈಲ್‌ಗಳೆಲ್ಲಾ ಬಂದು ಡೇಟಾಬೇಸ್ ಬಿಟ್ಟೋಗಿದ್ರೆ ಅದು ತಿಳಿಯೋದು ಆಗ್ಲೇ.