'ವಯಸ್ಸಾಯ್ತಲ್ವಾ' ಎಂಬ ಮಾತು ಎಲ್ಲಿಂದ ಬಂತು?

ಮನೆಯ ಹಿರಿಯರು ಮಂಕಾಗಿ ಕೂತರೆ, ಅದು ಖಿನ್ನತೆಯೋ ಆತಂಕವೋ ಆಗಿರಬಹುದು ಎಂದು ಯೋಚಿಸದೆ 'ವಯಸ್ಸಾಯ್ತಲ್ವಾ' ಅಂದು ಸುಮ್ಮನಾಗುತ್ತೇವೆ. ಈ ಮಾತಿಗೆ ಹಳೆಯ ಬೇರುಗಳಿವೆ. ಐವತ್ತರ ಆಸುಪಾಸಿನವರಿಗೆ ಮಾತಿನ ಚಿಕಿತ್ಸೆ, ಅಂದರೆ ಮಾತಾಡಿಸುತ್ತಲೇ ಮನಸ್ಸಿನ ತೊಂದರೆ ಬಗೆಹರಿಸುವುದು, ಅಷ್ಟಾಗಿ ನಾಟುವುದಿಲ್ಲ. ಈ ಚಿಕಿತ್ಸೆಗೆ ದಾರಿ ಹಾಕಿದ ವೈದ್ಯ ಸಿಗ್ಮಂಡ್ ಫ್ರಾಯ್ಡ್ 1904ರಲ್ಲಿ ಹೀಗೆ ಹೇಳಿದರು. ಆಗ ಅವರಿಗೇ ನಲವತ್ತೆಂಟು. ಅವರ ಶಿಷ್ಯ ಕಾರ್ಲ್ ಅಬ್ರಹಾಂ 1919ರಲ್ಲಿ ಇದನ್ನು ಒಪ್ಪಲಿಲ್ಲ. ರೋಗಿಗೆ ಎಷ್ಟು ವಯಸ್ಸು ಅನ್ನುವುದಕ್ಕಿಂತ ಕಾಯಿಲೆಗೆ ಎಷ್ಟು ವಯಸ್ಸು ಅನ್ನುವುದು ಮುಖ್ಯ ಅಂದರು. ಆ ಮಾತು ಹೆಚ್ಚು ಜನರ ಕಿವಿಗೆ ಬೀಳಲಿಲ್ಲ.

ಮುಂದೆ ದಶಕಗಳ ಕಾಲ ಮುಪ್ಪಿನ ಮಂಕನ್ನೆಲ್ಲ ಮೆದುಳು ಸವೆದ ಲೆಕ್ಕಕ್ಕೇ ಹಾಕಿದರು. 1955ರಲ್ಲಿ ಇಂಗ್ಲೆಂಡಿನ ವೈದ್ಯ ಮಾರ್ಟಿನ್ ರಾತ್, ಆಸ್ಪತ್ರೆ ಸೇರಿದ್ದ ಅರವತ್ತು ದಾಟಿದವರ ದಾಖಲೆಗಳನ್ನು ಬಿಡಿಸಿ ನೋಡಿದರು. ಖಿನ್ನತೆಯಿಂದ ಬಂದವರಲ್ಲಿ ಹೆಚ್ಚಿನವರು ಆರು ತಿಂಗಳೊಳಗೆ ಮನೆಗೆ ಹೋಗಿದ್ದರು. ಮರೆವಿನ ಕಾಯಿಲೆಯವರ ಕಥೆ ಬೇರೆಯೇ ಆಗಿತ್ತು. ಅಂದರೆ ಎರಡೂ ಒಂದೇ ಅಲ್ಲ. ಖಿನ್ನತೆಗೆ ಚಿಕಿತ್ಸೆಯಿಂದ ಗುಣವಿತ್ತು.

ಹಾಗಿದ್ದರೆ ಹಿರಿಯರ ಖಿನ್ನತೆಯನ್ನು ಗುರುತಿಸುವುದು ಹೇಗೆ? ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಭಾಗ ಇದು. ಆವರೆಗಿನ ಪ್ರಶ್ನಾವಳಿಗಳಲ್ಲಿ ನಿದ್ದೆ, ಹಸಿವು, ಸುಸ್ತಿನ ಪ್ರಶ್ನೆಗಳು ಜಾಸ್ತಿ ಇರುತ್ತಿದ್ದವು. ಆದರೆ ಎಪ್ಪತ್ತರಲ್ಲಿ ನಿದ್ದೆ ಕಡಿಮೆಯಾಗಲು ಮಂಡಿನೋವೂ ಸಾಕು, ಬಿಪಿ ಮಾತ್ರೆಯೂ ಸಾಕು. 1980ರ ದಶಕದ ಮೊದಲಲ್ಲಿ ಅಮೆರಿಕದ ಮನೋವೈದ್ಯ ಜೆರೋಮ್ ಯೆಸಾವೇಜ್ ಮತ್ತು ಜೊತೆಗಾರರು ಹಿರಿಯರಿಗೆಂದೇ ಒಂದು ಪ್ರಶ್ನಾವಳಿ ಮಾಡಿದರು. ಮೂವತ್ತು ಪ್ರಶ್ನೆ. ಉತ್ತರ ಬರೀ ಹೌದು ಅಥವಾ ಇಲ್ಲ. ದೇಹದ ತೊಂದರೆಗಳನ್ನು ಬೇಕೆಂದೇ ಬಿಟ್ಟರು. ಬದುಕು ಬರಿದು ಅನ್ನಿಸುತ್ತಾ, ಬೇಜಾರು ಹೆಚ್ಚಾಗಿದೆಯಾ, ಇಂಥವನ್ನು ಕೇಳಿದರು. 1986ರಲ್ಲಿ ಹದಿನೈದು ಪ್ರಶ್ನೆಗಳ ಚಿಕ್ಕ ರೂಪವೂ ಬಂತು. ಐದು ಹತ್ತು ನಿಮಿಷದ ಕೆಲಸ. ಆ ಐದು ನಿಮಿಷ ಎಷ್ಟೋ ಜನರಿಗೆ ಇವತ್ತಿಗೂ ಸಿಗುತ್ತಿಲ್ಲ ಅನ್ನುವುದು ನಿಜಕ್ಕೂ ನೋವಿನ ಸಂಗತಿ.

ಗುರುತಿಸಿದ ಮೇಲೆ ಹೋಗುವುದೆಲ್ಲಿಗೆ? ಮನೋವೈದ್ಯರ ಹೆಸರೆತ್ತಿದರೆ ಹಿಂಜರಿಯುವ ಹಿರಿಯರು ಬಿಪಿ, ಶುಗರ್ ನೋಡುವ ಡಾಕ್ಟರ ಹತ್ತಿರ ತಪ್ಪದೆ ಹೋಗುತ್ತಾರೆ. ಇದನ್ನೇ ಹಿಡಿದು ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಖಿನ್ನತೆಯಿದ್ದ, ಅರವತ್ತು ದಾಟಿದ 1,801 ಜನ ಅದರಲ್ಲಿದ್ದರು. ಅರ್ಧದಷ್ಟು ಜನರಿಗೆ ಅವರ ಮಾಮೂಲಿ ಕ್ಲಿನಿಕ್ಕಿನಲ್ಲೇ ಒಬ್ಬ ನರ್ಸ್ ಅಥವಾ ಮನಶ್ಶಾಸ್ತ್ರಜ್ಞರು ಜೊತೆಯಾದರು. ಅವರು ಆಗಾಗ ವಿಚಾರಿಸುತ್ತಿದ್ದರು. ಮಾತ್ರೆ ಬೇಕಾ, ಮಾತಿನ ಚಿಕಿತ್ಸೆ ಬೇಕಾ ಎಂದು ಕೇಳಿ ಮುಂದುವರಿಯುತ್ತಿದ್ದರು. 2002ರಲ್ಲಿ ಫಲಿತಾಂಶ ಬಂತು. ವರ್ಷ ಕಳೆಯುವಾಗ ಇವರಲ್ಲಿ ಶೇ. 45ರಷ್ಟು ಮಂದಿಗೆ ಖಿನ್ನತೆ ಅರ್ಧಕ್ಕರ್ಧ ಇಳಿದಿತ್ತು. ಎಂದಿನ ಚಿಕಿತ್ಸೆಯಲ್ಲೇ ಇದ್ದ ಉಳಿದ ಗುಂಪಿನಲ್ಲಿ ಶೇ. 19.

ಆತಂಕದ ಸರದಿ ಇನ್ನೂ ತಡವಾಗಿ ಬಂತು. ಹಿರಿಯರ ಆತಂಕ ಅಳೆಯುವ ಇಪ್ಪತ್ತು ಪ್ರಶ್ನೆಗಳ ಪಟ್ಟಿ ಪ್ರಕಟವಾಗಿದ್ದು 2007ರಲ್ಲಿ. ಅಷ್ಟರಲ್ಲಿ ನಿದ್ದೆ ಮಾತ್ರೆ, ನರ ಶಾಂತವಾಗುವ ಮಾತ್ರೆ ವರ್ಷಗಟ್ಟಲೆ ನುಂಗುವುದು ರೂಢಿಯಾಗಿಹೋಗಿತ್ತು. ಇವುಗಳಲ್ಲಿ ಹಲವು ಹಿರಿಯರಿಗೆ ತಲೆ ಮಂಕು ಮಾಡುತ್ತವೆ, ಬಿದ್ದು ಮೂಳೆ ಮುರಿಯುವ ಅಪಾಯ ಹೆಚ್ಚಿಸುತ್ತವೆ. ಹಾಗೆಂದು ಒಮ್ಮೆಲೇ ನಿಲ್ಲಿಸುವಂತಿಲ್ಲ. ವೈದ್ಯರನ್ನು ಕೇಳಿಯೇ ನಿಧಾನವಾಗಿ ಇಳಿಸಬೇಕು.

ಈಗ ಸಹಾಯ ಹುಡುಕುವವರು ಮಾಮೂಲಿ ಡಾಕ್ಟರಿಂದಲೇ ಶುರು ಮಾಡಬಹುದು. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ. ಥೈರಾಯ್ಡ್, ಬಿ12 ಪರೀಕ್ಷೆ ಬೇಕಾ ಎಂದು ಕೇಳಿ. ಕಿವಿ ಮಂದವಾಗಿದ್ದರೆ ಅದನ್ನೂ ಹೇಳಿ. ಕೇಳಿಸದವರು ಮಾತುಕತೆಯಿಂದ ಸುಮ್ನೆ ಹಿಂದೆ ಸರಿಯುತ್ತಾರೆ. ಸಾಯುವ ಮಾತು ಬಂದಿದ್ದರೆ ಮಾತ್ರ ಕಾಯಬೇಡಿ, ಅಂದೇ ಹೋಗಿ.